ಮೆಷಿನ್ ಮಾರುವವನ ಲಾಭ, ಕೊಂಡವನ ಲೆಕ್ಕ

‘ಒಳ್ಳೆ ಬಿಸಿನೆಸ್ ಇದೆ’ ಎಂದು ಯಾರಾದರೂ ಬಂದರೆ, ನಮಗೆಷ್ಟು ಸಿಗುತ್ತದೆ ಎಂದು ಕೇಳುವ ಮೊದಲು ಅವರಿಗೆ ದುಡ್ಡು ಹುಟ್ಟುವುದು ಎಲ್ಲಿಂದ ಎಂದು ಕೇಳಬೇಕು. ಬ್ಯಾಂಕಿನಲ್ಲಿ ಸಣ್ಣ ಉದ್ಯಮಗಳ ಸಾಲದ ಅರ್ಜಿ ನೋಡುತ್ತಿದ್ದ ಕಾಲದಿಂದ ನಾನು ಬಿಡದೆ ಹಿಡಿದ ಪ್ರಶ್ನೆ ಇದು. ಆಗ ಅಗರಬತ್ತಿ ಮೆಷಿನ್ನು, ಪೇಪರ್ ಪ್ಲೇಟ್ ಮೆಷಿನ್ನುಗಳ ಕೊಟೇಶನ್ ಬರುತ್ತಿತ್ತು. ಜೊತೆಗೆ, ತಯಾರಾದ ಮಾಲನ್ನೆಲ್ಲ ನಾವೇ ಕೊಳ್ಳುತ್ತೇವೆ ಎಂಬ ಬೈಬ್ಯಾಕ್ ಕರಾರು. ಒಳಪುಟದಲ್ಲೆಲ್ಲೋ ‘ಗುಣಮಟ್ಟ ಒಪ್ಪಿಗೆಯಾದಲ್ಲಿ’ ಎಂಬ ಒಂದು ಸಾಲು. ಮೆಷಿನ್ ಮನೆಗೆ ಬಂದಿಳಿದ ಮೇಲೆ ಆ ಗುಣಮಟ್ಟ ಒಪ್ಪಿಗೆಯಾಗುತ್ತಲೇ ಇರಲಿಲ್ಲ.

ಈಗ ವೆಂಡಿಂಗ್ ಮೆಷಿನ್ನಿನ ಸರದಿ. ತಂಗಿಯ ಮಗ ಫೋನ್ ಮಾಡಿ, “ಮಾವ, ಮೂರು ಲಕ್ಷದ ಮೆಷಿನ್. ಜಾಗ ಅವರೇ ಹುಡುಕಿಕೊಡ್ತಾರಂತೆ. ತಿಂಗಳಿಗೆ ಮೂವತ್ತು ಸಾವಿರ ಗ್ಯಾರಂಟಿ ಅಂತೆ. ಈ ವಾರವೇ ಅಡ್ವಾನ್ಸ್ ಕೊಟ್ರೆ ಡಿಸ್ಕೌಂಟ್ ಬೇರೆ” ಅಂದ. ಚೀಟಿ, ಪೆನ್ನು ತಗೊಂಡು ಕೂರು ಎಂದೆ.

20 ರೂಪಾಯಿಯ ಚಿಪ್ಸ್ ಪೊಟ್ಟಣದಲ್ಲಿ 3 ರೂಪಾಯಿ ಉಳಿಯಿತು ಎಂದಿಟ್ಟುಕೊಳ್ಳಿ. 30,000 ಉಳಿಯಬೇಕಾದರೆ ತಿಂಗಳಿಗೆ 10,000 ಪೊಟ್ಟಣ, ಅಂದರೆ ದಿನಕ್ಕೆ 330ಕ್ಕಿಂತ ಹೆಚ್ಚು ಹೋಗಬೇಕು. ಭಾನುವಾರವೂ ರಜೆಯಿಲ್ಲ. ಜಾಗದ ಬಾಡಿಗೆ, ಕರೆಂಟು, ಮಾಲು ತುಂಬಿಸುವ ಹುಡುಗನ ಸಂಬಳ, ಅವಧಿ ಮುಗಿದು ಎಸೆಯುವ ಸರಕು ಇದರಲ್ಲಿ ಇನ್ನೂ ಸೇರಿಲ್ಲ. ಮಾರುವವನಿಗೆ ಈ ಯಾವ ತಾಪತ್ರಯವೂ ಇಲ್ಲ. ಅವನ ಲಾಭ ಮೆಷಿನ್ ಬಿಕರಿಯಾದ ದಿನವೇ ಮುಗಿದಿರುತ್ತದೆ.

ಈ ಆಟ ಹೊಸದೇನಲ್ಲ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1998ರಲ್ಲಿ ರಾಜ್ಯಗಳ ಜೊತೆ ಸೇರಿ ಇಂಥವರ ಮೇಲೆ ನಡೆಸಿದ ಕಾರ್ಯಾಚರಣೆಯ ಹೆಸರೇ ‘ಆಪರೇಷನ್ ವೆಂಡ್ ಅಪ್ ಬ್ರೋಕ್’. ಆಸೆ ಹುಟ್ಟಿಸುವುದಕ್ಕೆಂದೇ ‘ನಾನೂ ಕೊಂಡೆ, ಕೈತುಂಬಾ ಬರ್ತಿದೆ’ ಎಂದು ಫೋನಿನಲ್ಲಿ ಹೇಳುವ ಬಾಡಿಗೆ ಗಿರಾಕಿಗಳನ್ನೂ ಅಲ್ಲಿನ ವಂಚಕರು ಸಾಕಿಕೊಂಡಿದ್ದರು. 2012ರ ಮಾರ್ಚ್ 1ರಿಂದ ಅಲ್ಲಿ ಜಾರಿಯಲ್ಲಿರುವ ನಿಯಮದಂತೆ, ಸಹಿ ಹಾಕಿಸುವ ಅಥವಾ ಹಣ ಪಡೆಯುವ ಕನಿಷ್ಠ 7 ದಿನ ಮೊದಲು ಮಾರುವವನು ಒಂದು ಪುಟದ ವಿವರ ಕೊಡಬೇಕು. ತನ್ನ ಮೇಲಿರುವ ವಂಚನೆ ಕೇಸು, ಹಣ ವಾಪಸಿನ ಷರತ್ತು, ಗಳಿಕೆಯ ಮಾತಾಡಿದ್ದರೆ ಅದಕ್ಕೆ ಆಧಾರ, ಹಿಂದಿನ 3 ವರ್ಷಗಳಲ್ಲಿ ಕೊಂಡವರ ಹೆಸರು ಮತ್ತು ಫೋನ್ ನಂಬರು ಎಲ್ಲವೂ ಅದರಲ್ಲಿ ಅಥವಾ ಅದರ ಲಗತ್ತಿನಲ್ಲಿರಬೇಕು. ಕೊಂಡವರು ಹತ್ತಕ್ಕಿಂತ ಹೆಚ್ಚಿದ್ದರೆ ಕೊಳ್ಳಲು ಬಂದವನಿಗೆ ಹತ್ತಿರದ ಹತ್ತು ಮಂದಿಯನ್ನಾದರೂ ತೋರಿಸಬೇಕು.

ನಮ್ಮಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾನೂನಿಲ್ಲ. ಆದರೆ ಅದೇ ಪ್ರಶ್ನೆಗಳನ್ನು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಹುಡುಗ ಕೇಳಿದ. ಅವರು ಎರಡು ನಂಬರ್ ಕೊಟ್ಟರು. ಇಬ್ಬರೂ ಗಿಳಿಪಾಠ ಒಪ್ಪಿಸಿದ ಹಾಗೆ ಅದೇ ಮೂವತ್ತು ಸಾವಿರ ಹೇಳಿದರು. ಎಲ್ಲಿಟ್ಟಿದ್ದೀರಿ, ಬಂದು ನೋಡಬಹುದಾ ಎಂದರೆ ಇಬ್ಬರೂ ಊರಲ್ಲಿರಲಿಲ್ಲ.

ಹಾಗಾಗಿ ಅದೇ ಕಂಪನಿಯ ಮೆಷಿನ್ ಇಟ್ಟಿದ್ದ ಒಂದು ಆಸ್ಪತ್ರೆಗೆ ನಾವೇ ಹೋದೆವು. ಗಾಜಿನೊಳಗೆ ಮೂರನೇ ಸಾಲಿನ ಸುರುಳಿ ತಂತಿಗೆ ಸಿಕ್ಕಿಕೊಂಡು ಒಂದು ಬಿಸ್ಕತ್ ಪ್ಯಾಕು ಓರೆಯಾಗಿ ನೇತಾಡುತ್ತಿತ್ತು. ಕೆಳಗಿನ ಎರಡು ಸಾಲು ಖಾಲಿ. ಗೇಟಿನಾಚೆ ಟೀ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೆಷಿನ್ ಮುಂದೆ ನಾವಿಬ್ಬರೇ. ಅದರ ಪಕ್ಕಕ್ಕೆ ‘ಹಣ ಸಿಕ್ಕಿಕೊಂಡರೆ ಕರೆ ಮಾಡಿ’ ಎಂಬ ಸ್ಟಿಕ್ಕರ್ ಇತ್ತು. ನಮಗೆ ಬೇಕಾಗಿದ್ದು ಅದೇ. ಮಾರುವವನು ಆರಿಸಿ ಕೊಡದ, ನಿಜವಾಗಿ ದುಡ್ಡು ಹಾಕಿದವನ ನಂಬರ್ ಅದು. ಫೋನೆತ್ತಿದ ಮಾಲೀಕರು ವಿಷಯ ಕೇಳಿ ನಕ್ಕುಬಿಟ್ಟರು. “ಹೊಸದ್ಯಾಕೆ ಸಾರ್, ನಂದೇ ತಗೊಳ್ಳಿ. ಅರ್ಧ ರೇಟಿಗೆ ಕೊಡ್ತೀನಿ.”

ಇನ್ನು ಕಾಗದಪತ್ರದ ತನಿಖೆ. ಕಂಪನಿ ಯಾವಾಗ ಹುಟ್ಟಿತು, ನಿರ್ದೇಶಕರು ಯಾರು ಎಂಬುದು ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಿಗುತ್ತದೆ. ಜಿಎಸ್‌ಟಿ ನಂಬರ್ ಚಾಲ್ತಿಯಲ್ಲಿದೆಯೇ ಎಂದು ಜಿಎಸ್‌ಟಿ ಪೋರ್ಟಲ್‌ನಲ್ಲಿ ನೋಡಬಹುದು. ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಂಪನಿಯ ಹೆಸರನ್ನಷ್ಟೇ ಹುಡುಕಿ ಸುಮ್ಮನಾಗಬೇಡಿ, ನಿರ್ದೇಶಕರ ಹೆಸರನ್ನೂ ಹಾಕಿ. ಬೋರ್ಡು ಬದಲಾದರೂ ಮಂದಿ ಅವರೇ ಇರುತ್ತಾರೆ. ‘ಜಾಗ ಕೊಡಿಸುತ್ತೇವೆ’ ಎಂದರೆ ಯಾವ ಕಟ್ಟಡ, ಯಾವ ಮಹಡಿ, ಮಾಲೀಕರ ಒಪ್ಪಿಗೆ ಪತ್ರ ಎಲ್ಲಿ ಎಂದು ಕೇಳಿ. ಬಾಯಿಮಾತಿನ ಗ್ಯಾರಂಟಿಯನ್ನು ಕರಾರಿನಲ್ಲಿ ಬರೆದುಕೊಡಿ ಎನ್ನಿ. ಹೆಚ್ಚಿನವರು ಅಲ್ಲೇ ಜಾರಿಕೊಳ್ಳುತ್ತಾರೆ.

ಈಗಾಗಲೇ ಹಣ ಕೊಟ್ಟು ಕೂತವರಿಗೆ ಒಂದು ಮಾತು. ವ್ಯಾಪಾರಕ್ಕೆ ಕೊಂಡ ವಸ್ತುವಿಗೆ ಗ್ರಾಹಕರ ಆಯೋಗದಲ್ಲಿ ಅವಕಾಶವಿಲ್ಲ ಎಂದು ಹೆದರಿಸುವವರಿದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ, ಸ್ವಯಂ ಉದ್ಯೋಗದಿಂದ ಹೊಟ್ಟೆಪಾಡು ನಡೆಸಲೆಂದೇ ಕೊಂಡವರೂ ಗ್ರಾಹಕರೇ. ಆನ್‌ಲೈನ್‌ನಲ್ಲಿ ಹಣ ಕಟ್ಟಿ ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ವೆಂಡಿಂಗ್ ಮೆಷಿನ್ನಿನಿಂದ ಬದುಕು ಕಟ್ಟಿಕೊಂಡವರು ಇಲ್ಲವೆಂದಲ್ಲ. ಅವರು ಮೊದಲು ಜನ ಓಡಾಡುವ ಜಾಗ ಹಿಡಿಯುತ್ತಾರೆ, ಆಮೇಲೆ ಮೆಷಿನ್ ಹುಡುಕುತ್ತಾರೆ. ಅದೂ ಮೊದಲಿಗೆ ಒಂದೇ ಒಂದು, ಸಾಧ್ಯವಾದರೆ ಸೆಕೆಂಡ್ ಹ್ಯಾಂಡ್.