ಮಂದ್ರಸ್ವರದ ಬೆಲೆ

ಹದಿನೈದು ತಿಂಗಳ ಪರ್ಯಂತ, ತಿಂಗಳಿಗೆ 3,000 ರೂಪಾಯಿಯಂತೆ, ಬ್ಯಾಂಕಿನ ಆರ್.ಡಿ. ಖಾತೆಗೆ ಕಟ್ಟುತ್ತ ಬಂದ ಹಣವು ಬಡ್ಡಿಯೂ ಸೇರಿ 46,900 ರೂಪಾಯಿಯಾಗಿ ಕೈಗೆ ಬಂದ ದಿನ, ಅದನ್ನು ಯಾವುದಕ್ಕೆ ವಿನಿಯೋಗಿಸತಕ್ಕದ್ದೆಂಬ ವಿಷಯದಲ್ಲಿ ನನಗೆ ಲೇಶಮಾತ್ರವೂ ಸಂದೇಹವಿರಲಿಲ್ಲ. ಯೌವನದಲ್ಲಿ ಮಂಗಳೂರಿನ ವಾದ್ಯಗೋಷ್ಠಿಯೊಂದರಲ್ಲಿ, ಗಣೇಶೋತ್ಸವದ ಪೆಂಡಾಲುಗಳಲ್ಲಿಯೂ ರಾಜ್ಯೋತ್ಸವದ ವೇದಿಕೆಗಳಲ್ಲಿಯೂ, ತಂಡದ ಯಜಮಾನರ ಬೇಸ್ ಗಿಟಾರನ್ನು ಎರವಲು ಪಡೆದು ನುಡಿಸಿದವನು ನಾನು. ‘ಗೀತಾ’ (1981), ‘ಪಲ್ಲವಿ ಅನುಪಲ್ಲವಿ’ (1983) ಚಿತ್ರಗಳಿಗೆ ಇಳಯರಾಜಾ ಸಂಯೋಜಿಸಿದ ಹಾಡುಗಳ ಕ್ಯಾಸೆಟ್ಟನ್ನು ಹತ್ತಾರು ಸಲ ಹಿಂದಕ್ಕೆ ಸುತ್ತಿ, ಗಾಯನಕ್ಕೆ ಆಧಾರವಾಗಿ ನಡೆಯುವ ಆ ಮಂದ್ರಸ್ಥಾಯಿಯ ಸಂಚಾರವನ್ನು ಒಂದೊಂದೇ ಸ್ವರವಾಗಿ ಹೆಕ್ಕಿ ಕಲಿತವನು. ಕಾರ್ಯಕ್ರಮ ಮುಗಿದ ರಾತ್ರಿಯೇ ವಾದ್ಯವನ್ನು ಯಜಮಾನರ ಮನೆಗೆ ಮುಟ್ಟಿಸಿ ಬರಬೇಕಾಗಿತ್ತು. ಸ್ವಂತದ್ದೊಂದು ಉತ್ತಮ ಬೇಸ್ ಇರಬೇಕೆಂಬ ಆಸೆ ಅಂದಿನಿಂದಲೂ ಇದ್ದುದೇ.

ಸ್ವಂತದ್ದು ಒಮ್ಮೆ ಇತ್ತು. 1998ರಲ್ಲಿ 6,000 ರೂಪಾಯಿ ಕೊಟ್ಟು, ಹೆಸರು ಕೇಳಿರದ ತಯಾರಕರ ಬೇಸ್ ಒಂದನ್ನು, ಅದರ ಕೆಂಪು ಬಣ್ಣದ ಹೊಳಪಿಗೂ ಬೆಲೆಯ ಅಲ್ಪತ್ವಕ್ಕೂ ಮನಸೋತು, ಕೊಂಡಿದ್ದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಕತ್ತು ಬಿಲ್ಲಿನಂತೆ ಬಾಗಿತು. ತಂತಿಗಳು ಮರದಿಂದ ಬೆರಳು ತೂರುವಷ್ಟು ಮೇಲೆದ್ದುವು. ಕತ್ತಿನೊಳಗಿನ ಉಕ್ಕಿನ ಸರಳನ್ನು ತಿರುಗಿಸಿ ಸರಿಪಡಿಸೋಣವೆಂದರೆ ಅದು ಎಷ್ಟು ತಿರುಗಿಸಿದರೂ ಮರದ ಮೇಲೆ ಯಾವ ಪರಿಣಾಮವನ್ನೂ ಮಾಡಲಿಲ್ಲ. ಎರಡು ವರ್ಷದ ತರುವಾಯ 900 ರೂಪಾಯಿಗೆ ಅದನ್ನು ಮಾರಿದೆ. ನಷ್ಟವಾದ 5,100 ರೂಪಾಯಿಗಿಂತಲೂ, ನೋವುಂಟುಮಾಡುವ ವಾದ್ಯವನ್ನು ಕೈಗೆತ್ತಿಕೊಳ್ಳಲು ಮನಸ್ಸಾಗದೆ ಅಭ್ಯಾಸವೇ ನಿಂತುಹೋದ ವರುಷಗಳು ನನಗೆ ಹೆಚ್ಚಿನ ನಷ್ಟವಾಗಿ ತೋರುತ್ತವೆ.

ಆದುದರಿಂದ ಈ ಸಲ ಅಂಗಡಿಗೆ ಹೋಗುವ ಮುನ್ನ, ವಾದ್ಯದ ಕತ್ತನ್ನೂ ತಂತಿಗಳನ್ನೂ ಹದಗೊಳಿಸುವ ಸೆಟ್ಟಿಂಗಿನ ಕೆಲಸ ಮಾಡುವ ಪರಿಚಿತ ಕುಶಲಕರ್ಮಿಯೊಬ್ಬರ ಬಳಿ ಒಂದು ಮಧ್ಯಾಹ್ನ ಕುಳಿತೆನು. ಅವರು ಹೇಳಿದುದು ಇಷ್ಟೇ: “ಕತ್ತು ನೋಡಿ ಮಾರಾಯ್ರೆ, ಬಣ್ಣ ಮತ್ತೆ ನೋಡುವಾ.” ಎದುರಿಗಿದ್ದ ಬೇಸ್ ಒಂದನ್ನು ತೊಡೆಯ ಮೇಲಿಟ್ಟುಕೊಂಡು, ದಪ್ಪ ತಂತಿಯನ್ನು ಎಡಗೈಯಿಂದ, ಕತ್ತಿಗೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳಾದ ಫ್ರೆಟ್ಟುಗಳಲ್ಲಿ ಮೊದಲನೆಯದರಲ್ಲಿಯೂ ಬಲಗೈಯ ಹೆಬ್ಬೆರಳಿನಿಂದ ಕತ್ತು ಒಡಲನ್ನು ಕೂಡುವಲ್ಲಿನ ಫ್ರೆಟ್ಟಿನಲ್ಲಿಯೂ ಒತ್ತಿ ಹಿಡಿದು, ನಡುವೆ, ಏಳನೆಯ ಫ್ರೆಟ್ಟಿನ ಮೇಲೆ, ತಂತಿಗೂ ಲೋಹಕ್ಕೂ ಇರುವ ಸಂದನ್ನು ತೋರಿಸಿದರು, ನನ್ನ ಜೇಬಿನ ವಿಸಿಟಿಂಗ್ ಕಾರ್ಡನ್ನು ಕೇಳಿ ಪಡೆದು ಆ ಸಂದಿನಲ್ಲಿ ತೂರಿಸಿದರು. ಕಾರ್ಡು ತಂತಿಯನ್ನು ಸೋಕಿಯೂ ಸೋಕದಂತೆ ಒಳಸರಿಯಿತು. ಹಾಗೆ ಸರಿದರೆ ಕತ್ತು ನೇರವಾಗಿದೆಯೆಂದೂ, ಕಾರ್ಡು ಹೋಗಲು ಎಡೆಯೇ ಇಲ್ಲದಿದ್ದರೆ ಹಿಂದಕ್ಕೆ ಬಾಗಿದೆಯೆಂದೂ, ಮೂರು ನಾಲ್ಕು ಕಾರ್ಡು ಒಟ್ಟಿಗೆ ಹಿಡಿಸುವಂತಿದ್ದರೆ ಮುಂದಕ್ಕೆ ಬಾಗಿದೆಯೆಂದೂ ತಿಳಿಯಬೇಕು. ತರುವಾಯ ಅಲೆನ್ ಕೀಲಿಯಿಂದ ಟ್ರಸ್ ರಾಡ್ ಎಂಬ ಆ ಒಳಸರಳನ್ನು ಕಾಲು ಸುತ್ತು ತಿರುಗಿಸಿ, ಸಂದು ಕಿರಿದಾಗುವುದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ನನ್ನ ಹಳೆಯ ವಾದ್ಯದಲ್ಲಿ ಸತ್ತುಹೋಗಿದ್ದುದು ಈ ಕಾಲು ಸುತ್ತೇ.

ನಾಲ್ಕು ತಂತಿಗಳ ಒಟ್ಟು ಎಳೆತವನ್ನು ಹಗಲಿರುಳು ತಡೆಯತಕ್ಕ ಭಾಗವೆಂದರೆ ಕತ್ತು. ಕೈ ಸದಾ ಮುಟ್ಟಿಕೊಂಡಿರುವುದೂ ಅದನ್ನೇ. ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್ ಹಿಡಿಸದಿದ್ದರೆ ಬದಲಾಯಿಸಬಹುದು, ತಂತಿ ಸವೆದರೆ ಹೊಸದು ಹಾಕಬಹುದು, ಬಣ್ಣ ಮಾಸಿದರೆ ನಾದಕ್ಕೇನೂ ಕುಂದಿಲ್ಲ. ಆದರೆ ಕೆಟ್ಟ ಕತ್ತನ್ನು ಸರಿಪಡಿಸಲು ತಗಲುವ ಹಣದಲ್ಲಿ ಮತ್ತೊಂದು ವಾದ್ಯವೇ ಬಂದೀತು. ಕಡಿಮೆ ಬೆಲೆಯದನ್ನು ಬಿಟ್ಟು ನಡುಬೆಲೆಯದಕ್ಕೆ ಹೋಗುವಾಗ ನಾವು ಹೆಚ್ಚಾಗಿ ತೆರುವ ದುಡ್ಡಿಗೆ ನಿಜವಾದ ಪ್ರತಿಫಲ ಸಿಗುವುದು ಇಲ್ಲಿಯೇ ಎಂಬುದು ನನ್ನ ನಂಬಿಕೆ. ಆ ಘಟ್ಟವನ್ನು ದಾಟಿ ಮೇಲೇರಿದಂತೆ, ಕೊಡುವ ಹಣದ ಹೆಚ್ಚು ಹೆಚ್ಚು ಪಾಲು ಅಲಂಕಾರಕ್ಕೂ ಹೆಸರಿಗೂ ಸಲ್ಲತೊಡಗುತ್ತದೆ.

ಹೆಸರಿನ ಮಾತು ಬಂದುದರಿಂದ ಇದನ್ನು ಹೇಳಬೇಕು. ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬುದನ್ನು ಹೊರತಂದಾಗ, ಅದರ ಹೆಸರಿಗೆ ಕಾರಣವಾದುದು ಫ್ರೆಟ್ಟುಗಳು: ಆಳೆತ್ತರದ ಡಬಲ್ ಬೇಸಿನಲ್ಲಿ ಕಿವಿಯ ಆಧಾರದಿಂದ ಹುಡುಕಬೇಕಾಗಿದ್ದ ಸ್ವರಸ್ಥಾನವು ಇದರಲ್ಲಿ ನಿಖರವಾಗಿ ಬೆರಳಿಗೆ ದೊರೆಯುತ್ತಿತ್ತು. 1960ರಲ್ಲಿ ಬಂದ ‘ಜಾಝ್ ಬೇಸ್’ ಕತ್ತಿನ ತುದಿಯಲ್ಲಿ ಅದಕ್ಕಿಂತ ಕಿರಿದು, ಸುಮಾರು 38 ಮಿಲಿಮೀಟರ್. ಸಣ್ಣ ಕೈಯವರಿಗೆ ಇದು ಹಿತ. ಫೆಂಡರ್ ಸಂಸ್ಥೆಯು 1965ರಲ್ಲಿ ಸ್ಕ್ವಾಯರ್ ಎಂಬ ತಂತಿ ತಯಾರಿಕೆಯ ಕಂಪನಿಯನ್ನು ಕೊಂಡು, 1982ರಿಂದ ಆ ಹೆಸರನ್ನು ತನ್ನ ಅಗ್ಗದ ಮಾದರಿಗಳ ಮೇಲೆ ಅಚ್ಚೊತ್ತತೊಡಗಿತು. ಯಮಹಾ, ಇಬಾನೆಜ್ ಎಂಬ ಜಪಾನಿ ಸಂಸ್ಥೆಗಳ ನಡುಬೆಲೆಯ ಬೇಸುಗಳಲ್ಲಿಯೂ ಅನೇಕವು ಇಂಡೊನೇಷ್ಯಾದಲ್ಲಿ ತಯಾರಾಗಿ ಬರುತ್ತವೆ. ತಯಾರಾದ ದೇಶದ ಹೆಸರನ್ನು ನೋಡಿ ಮೂಗುಮುರಿಯುವುದು ಅನ್ಯಾಯ. ಅಲ್ಲಿಂದ ಬಂದ ಕತ್ತುಗಳಲ್ಲಿ ಕೂದಲೆಳೆಯಷ್ಟೂ ಡೊಂಕಿಲ್ಲದ ಹಲವನ್ನು ನಾನೇ ಕಾರ್ಡು ತೂರಿಸಿ ಪರೀಕ್ಷಿಸಿದ್ದೇನೆ.

ನಮ್ಮೂರಿನ ಅಂಗಡಿಗಳಲ್ಲಿ ಗಿಟಾರುಗಳು ಸಾಲುಸಾಲಾಗಿ ತೂಗುತ್ತಿದ್ದರೂ ಬೇಸ್ ಇದ್ದುದು ಒಂದೋ ಎರಡೋ. ಕೈಯಲ್ಲಿ ಹಿಡಿದು ನೋಡದೆ ಕೊಳ್ಳಲೊಲ್ಲದ ಕಾರಣ ರಾತ್ರಿಯ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆ. ಹೋಗಿಬರುವ ವೆಚ್ಚ 1,500 ರೂಪಾಯಿ. ಅದನ್ನೂ ವಾದ್ಯದ ಲೆಕ್ಕಕ್ಕೇ ಬರೆದುಕೊಂಡೆ.

ಅಂಗಡಿಯಲ್ಲಿ ಕೊನೆಗೆ ಎರಡು ಉಳಿದುವು. ಒಂದು ಐದು ತಂತಿಯದು, ಒಂಬತ್ತು ವೋಲ್ಟಿನ ಬ್ಯಾಟರಿಯಿಂದ ನಡೆಯುವ ಆಕ್ಟಿವ್ ವ್ಯವಸ್ಥೆಯದು, ಮರದ ಗೆರೆಗಳು ಮೆರುಗಿನಡಿಯಲ್ಲಿ ಥಳಥಳಿಸುವಂಥದು, ಬೆಲೆ 44,000. ಮತ್ತೊಂದು ನಾಲ್ಕು ತಂತಿಯ, ಬ್ಯಾಟರಿಯಿಲ್ಲದ, ಕಪ್ಪು ಬಣ್ಣದ ಸಾದಾ ವಾದ್ಯ, ಬೆಲೆ 29,500. ಅಂಗಡಿಯವರು ಮೊದಲನೆಯದನ್ನು ಬಡ್ಡಿರಹಿತ ಇ.ಎಂ.ಐ. ಮೇಲೆ ಒಯ್ಯಬಹುದೆಂದು ವಿನಯದಿಂದಲೇ ಸೂಚಿಸಿದರು. ಬಡ್ಡಿರಹಿತವೆಂಬ ಈ ಮಾತನ್ನು ಬಿಡಿಸಿ ನೋಡಬೇಕು: ಸಾಮಾನ್ಯವಾಗಿ ಬ್ಯಾಂಕು ಬಡ್ಡಿಯನ್ನು ಹಾಕಿಯೇ ಹಾಕುತ್ತದೆ, ಅಷ್ಟೇ ಮೊತ್ತವನ್ನು ಮಾರುವವರು ಬೆಲೆಯಲ್ಲಿ ರಿಯಾಯಿತಿಯಾಗಿ ಬಿಡುತ್ತಾರೆ, ಆ ಬಡ್ಡಿಯ ಮೇಲಿನ ಶೇಕಡಾ 18 ಜಿ.ಎಸ್.ಟಿ.ಯೂ ಪ್ರೊಸೆಸಿಂಗ್ ಶುಲ್ಕವಿದ್ದರೆ ಅದೂ ಕೊಳ್ಳುವವನ ಪಾಲಿಗೆ ಬೀಳುತ್ತವೆ. ನಗದು ಕೊಡುವವನಿಗೆ ಸಿಗಬಹುದಾಗಿದ್ದ ಸೋಡಿಯೂ ತಪ್ಪಿಹೋಗುತ್ತದೆ. ಅಗತ್ಯದ ವಸ್ತುವಿಗೆ ಈ ದಾರಿ ಹಿಡಿಯುವವರನ್ನು ನಾನು ಆಕ್ಷೇಪಿಸೆನು. ಆದರೆ ಹದಿನೈದು ತಿಂಗಳು ಕಾದು ಕೂಡಿಟ್ಟ ಮೇಲೆ, ಸಂತೋಷಕ್ಕಾಗಿ ನುಡಿಸುವ ವಾದ್ಯದ ಮೇಲೆ ಸಾಲದ ಕಂತು ಹೊರಿಸುವುದು ನನಗೆ ಸಮ್ಮತವಾಗಲಿಲ್ಲ.

ಎರಡನ್ನೂ ಒಂದು ತಾಸು ನುಡಿಸಿದೆ. ಐದನೆಯ ತಂತಿಯ ಗಂಭೀರನಾದ ಮನಸ್ಸನ್ನು ಸೆಳೆಯಿತೆಂಬುದನ್ನು ಮುಚ್ಚಿಡಲಾರೆ. ಸಾಧಾರಣ ಬೇಸಿನ ಅತ್ಯಂತ ಕೆಳಗಿನ ಸ್ವರದ ಕಂಪನವು ಸೆಕೆಂಡಿಗೆ ಸುಮಾರು 41 ಆದರೆ, ಇದರದು 31ರಷ್ಟು. ಆದರೂ ನಾನು ನುಡಿಸುವ ಹಾಡುಗಳಲ್ಲಿ ಆ ತಂತಿಗೆ ಕೆಲಸವೆಷ್ಟೆಂದು ಎಣಿಸಿದಾಗ ಎರಡು ಮೂರಕ್ಕಿಂತ ಹೆಚ್ಚು ನೆನಪಿಗೆ ಬರಲಿಲ್ಲ. ಕತ್ತು ಅಗಲವಾದುದರಿಂದ ಮಣಿಕಟ್ಟು ಬೇಗನೆ ದಣಿಯಿತು. ಕೇಬಲ್ಲನ್ನು ತೆಗೆಯದೆ ಮರೆತರೆ ಬ್ಯಾಟರಿ ಇಳಿದುಹೋಗುವುದು; ವೇದಿಕೆಯ ಮೇಲೆ ಹಾಡಿನ ನಡುವೆ ನಾದವು ಒಡೆದು ಕುಗ್ಗಿದ ಪ್ರಸಂಗವನ್ನು ಸಹವಾದಕರ ವಿಷಯದಲ್ಲಿ ನಾನು ಕಂಡವನು. ಡೆಟ್ರಾಯಿಟಿನ ಮೋಟೌನ್ ಸಂಸ್ಥೆಯ ಅಸಂಖ್ಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್‌ಗೆ 1962ರ ಪ್ರಿಸಿಷನ್ ಬೇಸ್ ಒಂದು, ನಾಲ್ಕು ತಂತಿ, ಒಂದು ಪಿಕಪ್, ಬಲಗೈಯ ತೋರುಬೆರಳೊಂದು, ಇಷ್ಟು ಸಾಕಾಗಿತ್ತೆಂಬುದೂ ಆ ಹೊತ್ತಿನಲ್ಲಿ ಮನಸ್ಸಿಗೆ ಬಂದಿತು.

ಕಪ್ಪು ಬೇಸಿನ ಫ್ರೆಟ್ಟುಗಳ ಅಂಚಿನ ಮೇಲೆ ಅಂಗೈಯನ್ನು ಮೇಲಿಂದ ಕೆಳಕ್ಕೆ ಸವರಿದೆ, ಎಲ್ಲಿಯೂ ಚುಚ್ಚಲಿಲ್ಲ. ಪ್ರತಿಯೊಂದು ಫ್ರೆಟ್ಟಿನಲ್ಲಿಯೂ ನಾಲ್ಕು ತಂತಿಗಳನ್ನು ಮೀಟಿ ಎಲ್ಲಿಯಾದರೂ ಗಿರ್ರೆನ್ನುವುದೋ ಎಂದು ಆಲಿಸಿದೆ. ಪಟ್ಟಿ ಹಾಕಿಕೊಂಡು ನಿಂತು, ಎಡಗೈಯನ್ನು ಬಿಟ್ಟೆ. ಕತ್ತು ನೆಲದ ಕಡೆಗೆ ವಾಲದೆ ಇದ್ದಲ್ಲಿಯೇ ನಿಂತಿತು. ವಿಸಿಟಿಂಗ್ ಕಾರ್ಡು ಹಿತವಾಗಿ ಒಳಸರಿಯಿತು. ಎತ್ತರ ಕಡಿಮೆಯಿರುವವರೂ ಮಕ್ಕಳೂ ಇಲ್ಲಿ ಮತ್ತೊಂದನ್ನು ಗಮನಿಸಬೇಕು: 34 ಇಂಚಿನ ತಂತಿಯಳತೆಯ ಬೇಸಿನಲ್ಲಿ ಮೊದಲ ಫ್ರೆಟ್ಟಿನ ಮನೆಯೊಂದೇ ಸುಮಾರು 4.8 ಸೆಂಟಿಮೀಟರ್ ಉದ್ದ. 30 ಇಂಚಿನದರಲ್ಲಿ ಅದು 4.3. ಈ ಅರ್ಧ ಸೆಂಟಿಮೀಟರು ಎಳೆಯ ಬೆರಳಿಗೆ ದೊಡ್ಡ ಉಪಕಾರ.

29,500 ಕೊಟ್ಟು ಅದನ್ನೇ ಕೊಂಡೆ. 44,000ದ್ದನ್ನು ಒಯ್ದಿದ್ದರೆ ಅದರ ನಾದವನ್ನು ಕೇಳುವ ಸಾಧನಕ್ಕೆ ನನ್ನಲ್ಲಿ ಹಣವೇ ಉಳಿಯುತ್ತಿರಲಿಲ್ಲ; ವಾದ್ಯಕ್ಕೇ ಎಲ್ಲವನ್ನೂ ಸುರಿದು, ಆಮೇಲೆ ಗಿಟಾರಿನ ಸಣ್ಣ ಆಂಪ್ಲಿಫೈಯರಿಗೆ ಬೇಸನ್ನು ಜೋಡಿಸಿ ಗಟ್ಟಿಯಾಗಿ ನುಡಿಸಿ ಸ್ಪೀಕರನ್ನು ಹರಿದುಕೊಂಡವರಿದ್ದಾರೆ. ಬೇಸಿಗೆಂದೇ ಮಾಡಿದ ಆಂಪ್ಲಿಫೈಯರು ಬೇಕು. ಮಂಗಳೂರಿನಲ್ಲಿಯೇ ಒಬ್ಬರು ಊರು ಬಿಡುತ್ತ ಮಾರಿದ್ದು 9,800ಕ್ಕೆ ದೊರೆಯಿತು. ಚೀಲ, ಪಟ್ಟಿ, ಕೇಬಲ್ಲಿಗೆ 2,600; ಸೆಟ್ಟಿಂಗಿಗೆ 1,200. ಈ ಕೊನೆಯದನ್ನು ಯಾರೂ ಉಳಿಸಲು ಹೋಗಕೂಡದು. ಪೆಟ್ಟಿಗೆಯಿಂದ ಬಂದಂತೆಯೇ ಇದ್ದಾಗ ಹನ್ನೆರಡನೆಯ ಫ್ರೆಟ್ಟಿನ ಮೇಲೆ ಒತ್ತಬೇಕಾಗಿದ್ದ ಬಲದಲ್ಲಿ ಅರ್ಧ ಸಾಕೆಂಬಂತೆ, ಕುಶಲಕರ್ಮಿಗಳ ಕೈಯಿಂದ ಮರಳಿದ ಮೇಲೆ ವಾದ್ಯವು ಮೃದುವಾಗಿತ್ತು. ಸಾವಿರದಿನ್ನೂರು ರೂಪಾಯಿಗೆ ಅದಕ್ಕಿಂತ ದೊಡ್ಡ ಸುಧಾರಣೆಯನ್ನು ನಾನು ಯಾವ ವಸ್ತುವಿನಲ್ಲಿಯೂ ಕಂಡಿಲ್ಲ.

ಎಲ್ಲ ಕಳೆದು 2,300 ರೂಪಾಯಿ ಉಳಿಯಿತು. ಅದನ್ನು ಬೇರೆ ಯಾವುದಕ್ಕೂ ಮುಟ್ಟದೆ ವಾದ್ಯದ ಹೆಸರಿನಲ್ಲಿಯೇ ಇಟ್ಟೆನು; ಏಕೆಂದರೆ ನಮ್ಮ ಕರಾವಳಿಯ ಗಾಳಿಯಲ್ಲಿ ತಂತಿ ಬೇಗ ತುಕ್ಕು ಹಿಡಿಯುತ್ತದೆ, ಮಳೆಗಾಲದ ತೇವಕ್ಕೆ ಮರ ಉಬ್ಬಿ ಕತ್ತಿನ ಸಮತೋಲ ತಪ್ಪುತ್ತದೆ. ಜೂನ್ ತಿಂಗಳಲ್ಲಿ ಜಡಿಮಳೆ ಹಿಡಿದ ಎರಡನೆಯ ವಾರವೇ ತಂತಿಗಳು ಸ್ವಲ್ಪ ಮೇಲೆದ್ದುವು. ಕುಶಲಕರ್ಮಿಗಳ ಬಳಿಗೆ ಒಯ್ದು ಕೊಟ್ಟೆ. ಅವರು ಕಾರ್ಡು ಕೇಳಿದರು, ಕೊಟ್ಟೆ. ತೂರಿಸಿ ನೋಡಿ, ಕೀಲಿಯನ್ನಿಟ್ಟು ಕಾಲು ಸುತ್ತು ತಿರುಗಿಸಿದರು. ಸಂದು ಕಿರಿದಾಯಿತು. “ಸಾಕು ಮಾರಾಯ್ರೆ, ನುಡಿಸಿ” ಎಂದು 300 ರೂಪಾಯಿ ತೆಗೆದುಕೊಂಡರು.