ಊಟ ಬಿಟ್ಟ ಮಕ್ಕಳು ಮತ್ತು ರಕ್ತ ಪರೀಕ್ಷೆಯ ಚೀಟಿ

ಹಟ್ಟಿಯಲ್ಲಿ ಹಸು ಬೈಹುಲ್ಲು ಮುಟ್ಟದೆ, ಅಕ್ಕಚ್ಚಿಗೂ ಬಾಯಿ ಹಾಕದೆ ನಿಂತರೆ ಅದಕ್ಕೆ ಹಟ ಎಂದು ನಾವು ಯಾರೂ ಹೇಳುವುದಿಲ್ಲ. ಕಿವಿ ಮುಟ್ಟಿ ನೋಡುತ್ತೇವೆ, ಮೆಲುಕು ಹಾಕುತ್ತಿದೆಯೇ ಎಂದು ಗಮನಿಸುತ್ತೇವೆ, ಸಂಜೆಯೊಳಗೆ ಪಶುವೈದ್ಯರಿಗೆ ಹೇಳಿ ಕಳುಹಿಸುತ್ತೇವೆ. ಆದರೆ ಮನೆಯ ಹದಿನೈದರ ಹುಡುಗಿ ತಿಂಗಳುಗಟ್ಟಲೆ ಅರ್ಧ ಊಟದಲ್ಲಿ ಏಳುತ್ತಿದ್ದರೆ, ತೆಳ್ಳಗಾಗುವ ಹುಚ್ಚು ಎಂದು ಬೈದು ಸುಮ್ಮನಾಗುತ್ತೇವೆ. ಹುಡುಗರಿಗೂ ಇದು ಬರುವುದುಂಟು, ಕಡಿಮೆ ಅಷ್ಟೆ.

ಅನೊರೆಕ್ಸಿಯಾ ನರ್ವೋಸಾ ಎಂಬ ಈ ಕಾಯಿಲೆಯನ್ನು 1873ರಲ್ಲಿಯೇ ಲಂಡನಿನ ವಿಲಿಯಂ ಗಲ್ ಮತ್ತು ಪ್ಯಾರಿಸಿನ ಲಸೇಗ್ ಎಂಬ ವೈದ್ಯರು ವಿವರಿಸಿದ್ದರು. ದಪ್ಪಗಾಗುವ ಭಯ ಅದರ ಮುಖ್ಯ ಲಕ್ಷಣ. ಈಚಿನ ವರ್ಷಗಳಲ್ಲಿ ವಿಜ್ಞಾನಿಗಳು ಇಂಥ ಮಕ್ಕಳ ರಕ್ತದಲ್ಲಿ ಉರಿಯೂತದ ಗುರುತುಗಳನ್ನೂ ಹುಡುಕುತ್ತಿದ್ದಾರೆ.

ಆ ಗುರುತುಗಳ ಕಥೆಯ ಒಂದು ಎಳೆ ಆರಂಭವಾದದ್ದು ದನಗಳಿಂದ ಎಂದರೆ ನಮ್ಮ ರೈತ ಬಂಧುಗಳಿಗೆ ಆಶ್ಚರ್ಯವಾದೀತು. ಆಫ್ರಿಕದ ಕೀನ್ಯಾದಲ್ಲಿ ನೊಣದಿಂದ ಹರಡುವ ರೋಗ ತಗಲಿದ ದನಗಳು ರಕ್ತದಲ್ಲಿ ರೋಗಾಣು ಅಷ್ಟೇನೂ ಇಲ್ಲದಿದ್ದರೂ ಮೇವು ಬಿಟ್ಟು, ಎಲುಬು ಕಾಣುವಷ್ಟು ಸೊರಗಿ ಸಾಯುತ್ತಿದ್ದವು. ಇದು ಅಮೆರಿಕದ ವಿಜ್ಞಾನಿ ಆಂಥನಿ ಸೆರಾಮಿಯವರ ಗಮನ ಸೆಳೆಯಿತು. ಸೊರಗಿಸುವ ವಸ್ತುವನ್ನು ದೇಹವೇ ತಯಾರಿಸುತ್ತದೆಂದು ಅವರು ತರ್ಕಿಸಿದರು. 1985ರಲ್ಲಿ ಅವರ ತಂಡ ಅದನ್ನು ಬೇರ್ಪಡಿಸಿ ನೋಡಿದಾಗ, ಅದು ಮೊದಲೇ ತಿಳಿದಿದ್ದ ಟಿ.ಎನ್.ಎಫ್. ಎಂಬ ಸೈಟೊಕೈನ್ ಎಂದು ಗೊತ್ತಾಯಿತು. ಸೈಟೊಕೈನ್ ಎಂದರೆ ರೋಗದೊಡನೆ ಹೋರಾಡುವ ಕಣಗಳು ಒಂದಕ್ಕೊಂದು ಕಳುಹಿಸುವ ಸಂದೇಶ. ಆ ಸಂದೇಶ ಮೆದುಳಿಗೆ ಮುಟ್ಟಿದಾಗ ಜ್ವರ, ಮೈಭಾರ, ಹಸಿವಿಲ್ಲದಿರುವುದು ಎಲ್ಲ ಬರುತ್ತವೆ. ಜ್ವರದಲ್ಲಿ ಗಂಜಿಯೂ ಬೇಡವಾಗುವುದು ಹೀಗೆಯೇ.

ಊಟ ಬಿಟ್ಟ ರೋಗಿಗಳಲ್ಲಿ ಟಿ.ಎನ್.ಎಫ್. ಮತ್ತು ಇಂಟರ್‌ಲ್ಯೂಕಿನ್-6 ಎಂಬ ಇನ್ನೊಂದು ಸಂದೇಶ ಆರೋಗ್ಯವಂತರಿಗಿಂತ ಸರಾಸರಿಯಲ್ಲಿ ಹೆಚ್ಚಿವೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಹದಿಹರೆಯದವರಲ್ಲಿ ಮಾತ್ರ ಫಲಿತಾಂಶಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ತೂಕ ಏರಿದ ಮೇಲೆ ಇಳಿಯಿತು ಎಂದು ಕೆಲವರು, ಇಲ್ಲ ಎಂದು ಕೆಲವರು. ಡೆನ್ಮಾರ್ಕಿನಲ್ಲಿ ಐದು ಲಕ್ಷಕ್ಕೂ ಹೆಚ್ಚು ಹೆಣ್ಣುಮಕ್ಕಳ ದಾಖಲೆ ನೋಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೀವ್ರ ಸೋಂಕಿನಿಂದ ಆಸ್ಪತ್ರೆ ಸೇರಿದ್ದವರಿಗೆ ಮುಂದೆ ಊಟದ ಕಾಯಿಲೆ ಬರುವ ಸಂಭವ ಹೆಚ್ಚೆಂದು ಕಂಡಿತು. ಸೋಂಕೇ ಕಾರಣವೆಂದು ಇದರಿಂದ ಸಾಬೀತಾಗದು. ಆದರೂ ಇದು ಬರೀ ಮಕ್ಕಳ ಸೊಕ್ಕಲ್ಲ, ಮೈಯೊಳಗೂ ಏನೋ ನಡೆಯುತ್ತಿದೆ ಎಂಬಷ್ಟು ಸ್ಪಷ್ಟ. ಹಾಗೆಂದು ಅಡಿಕೆ ಮಾರಿದ ಹಣ ಕೊಟ್ಟು ಸೈಟೊಕೈನ್ ಪರೀಕ್ಷೆ ಮಾಡಿಸಲು ಓಡಬೇಡಿ. ಅದರಿಂದ ಕಾಯಿಲೆ ಉಂಟೋ ಇಲ್ಲವೋ ಎಂದು ಹೇಳಲು ಬರುವುದಿಲ್ಲ.

ನಮ್ಮ ಆತಂಕ ಬೇರೆ. ಹಸಿವಿನಲ್ಲಿ ಬಳಲಿದ ಮಕ್ಕಳಲ್ಲಿ ಇ.ಎಸ್.ಆರ್. ಮತ್ತು ಸಿ.ಆರ್.ಪಿ. ಎಂಬ ಸಾಮಾನ್ಯ ಉರಿಯೂತ ಪರೀಕ್ಷೆಗಳು ಹೆಚ್ಚಾಗಿ ಸರಿಯಾಗಿಯೇ, ಕೆಲವೊಮ್ಮೆ ತೀರಾ ಕಡಿಮೆಯಾಗಿಯೇ ಬರುತ್ತವೆ. ಬಿಳಿ ರಕ್ತಕಣ ಇಳಿದಿರಬಹುದು. ಒಳಗೆ ಸೋಂಕಿದ್ದರೂ ಜ್ವರ ಕಾಣದಿರಬಹುದು. ಚೀಟಿಯಲ್ಲಿ ಎಲ್ಲ ನಾರ್ಮಲ್ ಎಂದು ಓದಿ ಮನೆಗೆ ಬಂದ ತಂದೆತಾಯಿ ನೆಮ್ಮದಿಯಿಂದ ಮಲಗುತ್ತಾರೆ, ಮಗು ಸೊರಗುತ್ತಲೇ ಹೋಗುತ್ತದೆ. ಇದಕ್ಕೆ ತಿರುಗಾಗಿ, ಸೊರಗಿದ ಮಗುವಿನ ಇ.ಎಸ್.ಆರ್. ಬಹಳ ಹೆಚ್ಚಿದ್ದರೆ ಕ್ಷಯ, ಕರುಳಿನ ಉರಿಯೂತ ಮೊದಲಾದವನ್ನು ವೈದ್ಯರು ಹುಡುಕಲೇಬೇಕು. ಎಲ್ಲವನ್ನೂ ಮನಸ್ಸಿನ ಮೇಲೆ ಹಾಕುವುದೂ ತಪ್ಪು.

ಚೀಟಿಗಿಂತ ಮನೆಯವರ ಕಣ್ಣು ಹೆಚ್ಚು ಹೇಳುತ್ತದೆ. ಬೆಳೆಯುವ ವಯಸ್ಸಿನಲ್ಲಿ ತೂಕ ಏರದಿರುವುದು, ಮುಟ್ಟು ನಿಲ್ಲುವುದು, ಸೆಕೆಯಲ್ಲೂ ಕೈಕಾಲು ತಣ್ಣಗಿರುವುದು, ಮೈಮೇಲೆ ನವಿರು ಕೂದಲು, ಉಂಡ ಕೂಡಲೇ ಬಚ್ಚಲಿಗೆ ಹೋಗುವುದು, ಎದ್ದು ನಿಂತಾಗ ತಲೆ ಸುತ್ತುವುದು. ಸುಮ್ಮನೆ ಕುಳಿತಿರುವಾಗ ಒಂದು ನಿಮಿಷ ನಾಡಿ ಎಣಿಸಿ. ಹಗಲಲ್ಲಿ 50ಕ್ಕಿಂತ ಕಡಿಮೆ ಇದ್ದರೆ ನಾಳೆಗೆ ಇಡದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಬಹಳ ದಿನ ಉಣ್ಣದ ಮಗುವಿಗೆ ಒಮ್ಮೆಲೇ ಒತ್ತಾಯದಿಂದ ತುಂಬಿಸಬೇಡಿ. ಹಸಿದ ದನಕ್ಕೆ ಬೇಯಿಸಿದ ಅಕ್ಕಿಯನ್ನು ಬಕೆಟುಗಟ್ಟಲೆ ಇಟ್ಟರೆ ಏನಾಗುತ್ತದೆಂದು ನಮಗೆ ಗೊತ್ತು. ಮನುಷ್ಯರಲ್ಲಿ ಕಾರಣ ಬೇರೆ: ರಕ್ತದ ಫಾಸ್ಫೇಟ್ ಥಟ್ಟನೆ ಇಳಿದು ಹೃದಯಕ್ಕೆ ಅಪಾಯ. ತೀರಾ ಸೊರಗಿದವರಿಗೆ ಮೊದಲ ದಿನಗಳ ಊಟ ವೈದ್ಯರ ಕಣ್ಣೆದುರೇ ನಡೆಯಬೇಕು. ಆಮೇಲೆ ಕೆಲಸ ಮನೆಯವರದು. ಲಂಡನಿನ ಮಾಡ್ಸ್ಲಿ ಆಸ್ಪತ್ರೆಯವರು 1987ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, 19 ವರ್ಷದೊಳಗೆ ಕಾಯಿಲೆ ಶುರುವಾಗಿ ಮೂರು ವರ್ಷ ಮೀರದವರಿಗೆ ಕುಟುಂಬವನ್ನು ಸೇರಿಸಿಕೊಂಡ ಚಿಕಿತ್ಸೆಯೇ ಒಬ್ಬೊಬ್ಬರಿಗೆ ಪ್ರತ್ಯೇಕ ಕೊಟ್ಟ ಚಿಕಿತ್ಸೆಗಿಂತ ಹೆಚ್ಚು ಫಲ ಕೊಟ್ಟಿತು. ಅದರಿಂದ ಬೆಳೆದ ಪದ್ಧತಿಯಲ್ಲಿ ತಂದೆತಾಯಿ ಇಬ್ಬರೂ ಪಕ್ಕದಲ್ಲಿ ಕುಳಿತು ಪ್ರತಿ ಹೊತ್ತು ಉಣಿಸುತ್ತಾರೆ. ತಾಯಿ ಉಣಿಸುವುದು, ತಂದೆ ತೋಟದಿಂದ ಬಂದು ಗದರುವುದು, ಹೀಗಾದರೆ ಆಗದು.

ತಪಸ್ಸುಕಾಲದ ಬಗ್ಗೆ ಒಂದು ಮಾತು. ಭಕ್ತಿಯ ಹೆಸರಿನಲ್ಲಿ ಈ ಕಾಯಿಲೆ ಸುಲಭವಾಗಿ ಅಡಗಿಕೊಳ್ಳುತ್ತದೆ; ಮಗಳು ಕಟ್ಟುನಿಟ್ಟಾಗಿ ಉಪವಾಸ ಮಾಡುತ್ತಾಳೆಂದು ನಾವೇ ನೆರೆಯವರಲ್ಲಿ ಹೇಳಿಕೊಂಡು ಸಂತೋಷಪಡುತ್ತೇವೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1252ನೆಯ ವಿಧಿಯಂತೆ ಮಾಂಸ ಬಿಡುವ ನಿಯಮ 14 ತುಂಬಿದವರಿಗೆ; ಉಪವಾಸದ ನಿಯಮ 18 ತುಂಬಿದವರಿಗೆ ಮಾತ್ರ, ಅದೂ 59 ತುಂಬುವವರೆಗೆ. ಹದಿನೈದರ ಹುಡುಗಿಗೆ ಉಪವಾಸದ ಕಟ್ಟಳೆಯೇ ಇಲ್ಲ. ಹಟ ಹಿಡಿದರೆ ಧರ್ಮಗುರುಗಳ ಬಳಿ ಕರೆದುಕೊಂಡು ಹೋಗಿ. ಹೊಟ್ಟೆ ತುಂಬ ಉಣ್ಣು ಎಂದು ಅವರ ಬಾಯಿಂದಲೇ ಕೇಳಲಿ.

ಎಲ್ಲಿಗೆ ಹೋಗಬೇಕೆಂದು ತಿಳಿಯದವರು 14416ಕ್ಕೆ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಆರಂಭವಾದ ಈ ಸರಕಾರಿ ಮಾನಸಿಕ ಆರೋಗ್ಯ ಸೇವೆ ಉಚಿತ, ಕನ್ನಡದಲ್ಲಿಯೂ ಮಲಯಾಳದಲ್ಲಿಯೂ ಮಾತನಾಡಬಹುದು. ವೈದ್ಯರಲ್ಲಿಗೆ ಹೋಗುವಾಗ ಮಗುವಿನ ಹಳೆಯ ತೂಕ, ಎತ್ತರ, ಮುಟ್ಟು ನಿಂತ ತಿಂಗಳು, ಇವನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.