ಮಗುವಿನ ಭಾವಚಿತ್ರದಲ್ಲಿ ಕೆಂಪು ಕಣ್ಣು, ಬಿಳಿ ಕಣ್ಣು

ನಾಮಕರಣ, ಜವಳ, ಊರ ಜಾತ್ರೆ, ಬಂಧುಗಳ ಮದುವೆ ಮೊದಲಾದ ಸಂದರ್ಭಗಳಲ್ಲಿ ಮಕ್ಕಳ ಭಾವಚಿತ್ರ ತೆಗೆಯುವುದು ಈಗ ಎಲ್ಲ ಮನೆಗಳಲ್ಲಿಯೂ ರೂಢಿಯಾಗಿದೆ. ಹಿಂದೆ ಇದಕ್ಕಾಗಿ ಪಟ್ಟಣದ ಸ್ಟುಡಿಯೋಕ್ಕೆ ಹೋಗಬೇಕಾಗಿತ್ತು. ಈಗ ಕೈಯಲ್ಲಿರುವ ಮೊಬೈಲ್ ಫೋನೇ ಕ್ಯಾಮೆರಾ ಆಗಿದೆ. ಸಂಜೆಯ ಮಬ್ಬಿನಲ್ಲಿಯೋ, ಬೆಳಕು ಸಾಲದ ನಡುಮನೆಯಲ್ಲಿಯೋ ಫ್ಲ್ಯಾಷ್ ದೀಪದಿಂದ ತೆಗೆದ ಚಿತ್ರದಲ್ಲಿ ಮಗುವಿನ ಕಣ್ಣುಗಳ ನಡುಭಾಗವು ಕೆಂಡದಂತೆ ಕೆಂಪಗೆ ಕಾಣುವುದುಂಟು. ಇದನ್ನು ಕಂಡು ದೃಷ್ಟಿ ತಾಗಿತೆಂದು ನಿವಾಳಿಸುವವರಿದ್ದಾರೆ. ಫ್ಲ್ಯಾಷ್ ಬೆಳಕಿನಿಂದ ಕಣ್ಣು ಸುಟ್ಟಿತೆಂದು ಹೆದರಿ ಆಸ್ಪತ್ರೆಗೆ ಬರುವವರೂ ಇದ್ದಾರೆ. ಇವೆರಡೂ ನಿಜವಲ್ಲ. ಆದರೆ ಇಂಥದೇ ಚಿತ್ರದಲ್ಲಿ ಒಂದು ಕಣ್ಣು ಕೆಂಪಗೂ ಇನ್ನೊಂದು ಬೆಳ್ಳಗೂ ಹೊಳೆದಾಗ, ನಿಜವಾಗಿ ಹೆದರಬೇಕಾದ ಆ ಸಂದರ್ಭದಲ್ಲಿ, ಗಮನಿಸುವವರು ಕಡಿಮೆ. ಆದುದರಿಂದ ಈ ಎರಡರ ವ್ಯತ್ಯಾಸವನ್ನು ಪ್ರತಿಯೊಬ್ಬ ತಂದೆ ತಾಯಿಯೂ ತಿಳಿದಿರುವುದು ಅಗತ್ಯ.

ಕೆಂಪು ಬಣ್ಣ ಎಲ್ಲಿಂದ ಬರುತ್ತದೆ?

ಕಣ್ಣಿನ ನಡುವೆ ಕಪ್ಪಗೆ ದುಂಡಾಗಿ ಕಾಣುವುದನ್ನು ಪಾಪೆ ಎನ್ನುತ್ತೇವೆ. ಅದು ಕಪ್ಪು ಬಣ್ಣದ ವಸ್ತುವಲ್ಲ, ಬೆಳಕು ಒಳಹೋಗುವ ಒಂದು ರಂಧ್ರ. ಆಳವಾದ ಬಾವಿಯಲ್ಲಿ ಇಣುಕಿದರೆ ತಳ ಕಾಣದೆ ಕತ್ತಲೆಯೇ ಕಾಣುವಂತೆ, ಪಾಪೆಯೂ ನಮಗೆ ಕಪ್ಪಾಗಿ ತೋರುತ್ತದೆ. ಬ್ಯಾಟರಿಯನ್ನು ನಮ್ಮ ಕಣ್ಣಿನ ಪಕ್ಕದಲ್ಲಿಯೇ ಹಿಡಿದು ನೇರವಾಗಿ ಬಾವಿಯೊಳಗೆ ಬೆಳಕು ಬಿಟ್ಟರೆ ತಳದ ನೀರು ಮಿನುಗುತ್ತದೆಯಲ್ಲವೇ? ಫ್ಲ್ಯಾಷ್ ದೀಪ ಮಾಡುವುದೂ ಇದನ್ನೇ. ದೀಪವು ಕ್ಯಾಮೆರಾದ ಕಣ್ಣಿಗೆ ಅಂಟಿಕೊಂಡಂತೆ ಇರುವುದರಿಂದ, ಒಳಹೋದ ಬೆಳಕು ಕಣ್ಣಿನ ಹಿಂಬದಿಯನ್ನು ಮುಟ್ಟಿ ಬಂದ ದಾರಿಯಲ್ಲಿಯೇ ಹಿಂದಿರುಗಿ ಕ್ಯಾಮೆರಾವನ್ನು ಸೇರುತ್ತದೆ. ಕಣ್ಣಿನ ಹಿಂಬದಿಯಲ್ಲಿ ಅಕ್ಷಿಪಟಲವೆಂಬ ತೆಳುವಾದ ಪರದೆಯೂ, ಅದರ ಬೆನ್ನಿಗೆ ರಕ್ತನಾಳಗಳಿಂದ ತುಂಬಿದ ಪದರವೂ ಇವೆ. ಚಿತ್ರದಲ್ಲಿ ಕಾಣುವ ಕೆಂಪು ಆ ರಕ್ತದ ಬಣ್ಣ.

ಕತ್ತಲಲ್ಲಿ ಪಾಪೆ ಅಗಲವಾಗುತ್ತದೆ, ಬೆಳಕಿನಲ್ಲಿ ಕಿರಿದಾಗುತ್ತದೆ. ಕ್ಯಾಮೆರಾದ ಫ್ಲ್ಯಾಷ್ ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು ಕಾಲ ಮಾತ್ರ ಮಿಂಚುತ್ತದೆ. ಪಾಪೆ ಕಿರಿದಾಗತೊಡಗಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಬಾಗಿಲು ಮುಚ್ಚುವುದರೊಳಗೆ ಬೆಳಕು ಒಳಹೋಗಿ ಹೊರಬಂದಿರುತ್ತದೆ. ಮಕ್ಕಳ ಪಾಪೆ ವಯಸ್ಸಾದವರದಕ್ಕಿಂತ ಅಗಲವಾಗಿರುವುದರಿಂದ ಅಜ್ಜಿಯ ಕಣ್ಣಿಗಿಂತ ಮೊಮ್ಮಗುವಿನ ಕಣ್ಣು ಹೆಚ್ಚು ಕೆಂಪಗೆ ಹೊಳೆಯುತ್ತದೆ. ಸ್ಟುಡಿಯೋದವರು ದೀಪವನ್ನು ಕೊಡೆಯ ಕೆಳಗಿಟ್ಟು ದೂರ ನಿಲ್ಲಿಸುವುದರಿಂದ ಅವರ ಚಿತ್ರಗಳಲ್ಲಿ ಈ ಕೆಂಪು ಕಾಣದು. ಮೊಬೈಲ್ ಫೋನಿನ ದೀಪವು ಚಿತ್ರಕ್ಕಿಂತ ಸ್ವಲ್ಪ ಮೊದಲೇ ಹೊತ್ತಿಕೊಳ್ಳುವುದರಿಂದ ಅಲ್ಲಿಯೂ ಕೆಂಪು ಕಡಿಮೆ. ರಾತ್ರಿ ಕೊಟ್ಟಿಗೆಯಲ್ಲಿ ಎತ್ತಿನ ಕಣ್ಣು ಹಸಿರಾಗಿ ಹೊಳೆಯುವುದು ಬೇರೆ ವಿಚಾರ. ದನಕರುಗಳಿಗೂ ಬೆಕ್ಕಿಗೂ ಕಣ್ಣಿನೊಳಗೆ ಕನ್ನಡಿಯಂಥ ಒಂದು ಪದರವಿದೆ, ಮನುಷ್ಯರಿಗೆ ಅದಿಲ್ಲ.

1851ರಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಎಂಬಾತನು ಕಣ್ಣಿನೊಳಗೆ ಬೆಳಕು ಬಿಟ್ಟು ಒಳಭಾಗವನ್ನು ನೋಡುವ ಉಪಕರಣವನ್ನು ಪ್ರಕಟಪಡಿಸಿದನು. ಇಂದಿಗೂ ವೈದ್ಯರು ಕೂಸಿನ ಕಣ್ಣನ್ನು ಪರೀಕ್ಷಿಸುವಾಗ ಅಂಥ ಉಪಕರಣದಿಂದ ಮೊದಲು ನೋಡುವುದು ಈ ಕೆಂಪು ಹೊಳಪನ್ನೇ. ಅದು ಎರಡೂ ಕಣ್ಣುಗಳಲ್ಲಿ ಸಮನಾಗಿದ್ದರೆ ಬೆಳಕಿನ ದಾರಿಗೆ ಅಡ್ಡಿಯಿಲ್ಲವೆಂದು ತಿಳಿಯುತ್ತದೆ. ಹೀಗಿರಲು, ಚಿತ್ರದಲ್ಲಿ ಎರಡು ಕಣ್ಣುಗಳೂ ಒಂದೇ ರೀತಿ ಕೆಂಪಾಗಿದ್ದರೆ ಹೆದರಬೇಕಾಗಿಲ್ಲ. ಕಣ್ಣುಬೇನೆಯಲ್ಲಿ ಕೆಂಪಾಗುವುದು ಕಣ್ಣಿನ ಬಿಳಿಯ ಭಾಗ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಪಾಪೆ ಬೆಳ್ಳಗೆ ಕಂಡರೆ

ಒಂದು ಕಣ್ಣಿನ ಪಾಪೆ ಕೆಂಪಾಗಿಯೂ ಇನ್ನೊಂದರದು ಬಿಳಿ, ಹಳದಿ ಅಥವಾ ಬೆಕ್ಕಿನ ಕಣ್ಣಿನಂತೆ ಮಿನುಗುವುದಾಗಿಯೂ ಕಂಡರೆ, ಕಣ್ಣಿನೊಳಗೆ ಬೆಳಕನ್ನು ತಡೆಯುವುದು ಏನೋ ಇದೆಯೆಂದು ಶಂಕಿಸಬೇಕು. ಕೆಲವೊಮ್ಮೆ ಎರಡು ಕಣ್ಣುಗಳೂ ಹಾಗೆ ಕಾಣಬಹುದು. ಇದಕ್ಕೆ ಕಾರಣಗಳು ಹಲವು. ಹುಟ್ಟಿನಿಂದಲೇ ಬಂದ ಪೊರೆ ಒಂದು. ಪೊರೆ ಮುದುಕರಿಗೆ ಮಾತ್ರ ಬರುವುದೆಂಬ ನಂಬಿಕೆ ತಪ್ಪು. ಕೂಸಿನ ಪೊರೆ ದಟ್ಟವಾಗಿದ್ದರೆ ಮೊದಲ ಎರಡು ತಿಂಗಳೊಳಗೇ ಶಸ್ತ್ರಚಿಕಿತ್ಸೆಯಾಗಬೇಕು. ತಡವಾದರೆ ಮಿದುಳು ಆ ಕಣ್ಣಿನಿಂದ ನೋಡುವುದನ್ನು ಕಲಿಯುವುದೇ ಇಲ್ಲ. ಗರ್ಭಿಣಿಗೆ ರುಬೆಲ್ಲಾ ಜ್ವರ ಬಂದರೆ ಮಗುವಿಗೆ ಇಂಥ ಪೊರೆ ಬರಬಹುದೆಂದು 1941ರಲ್ಲಿ ಆಸ್ಟ್ರೇಲಿಯಾದ ವೈದ್ಯ ನಾರ್ಮನ್ ಗ್ರೆಗ್ ತೋರಿಸಿಕೊಟ್ಟರು. ನಮ್ಮ ರಾಜ್ಯದಲ್ಲಿ 2017ರ ಫೆಬ್ರವರಿಯಲ್ಲಿ ದಡಾರ–ರುಬೆಲ್ಲಾ ಲಸಿಕೆಯ ಅಭಿಯಾನ ನಡೆದು, ಅನಂತರ ಅದು ಮಕ್ಕಳ ಸಾಮಾನ್ಯ ಲಸಿಕೆಗಳಲ್ಲಿ ಸೇರಿದೆ. ಗರ್ಭಿಣಿಯರಿಗೆ ಈ ಲಸಿಕೆಯನ್ನು ಕೊಡುವುದಿಲ್ಲ. ಆದುದರಿಂದ ಹೆಣ್ಣುಮಕ್ಕಳಿಗೆ ಬಾಲ್ಯದಲ್ಲಿಯೇ ತಪ್ಪದೆ ಹಾಕಿಸತಕ್ಕದ್ದು. ದಿನ ತುಂಬದೆ ಹುಟ್ಟಿದ ಶಿಶುಗಳಿಗೆ ಅಕ್ಷಿಪಟಲದ ಇನ್ನೊಂದು ರೋಗ ಬರುತ್ತದೆ. ಅದರಲ್ಲಿ ಪಾಪೆ ಬೆಳ್ಳಗಾಗುವ ಹೊತ್ತಿಗೆ ಕಾಲ ಮೀರಿರುತ್ತದೆ. ಎರಡು ಕಿಲೋಗಿಂತ ಕಡಿಮೆ ತೂಕವಿದ್ದ ಮಗುವನ್ನು ಹುಟ್ಟಿದ 30 ದಿನಗಳೊಳಗೆ ಕಣ್ಣಿನ ತಜ್ಞರಿಗೆ ತೋರಿಸಬೇಕು, ಚಿತ್ರಕ್ಕಾಗಿ ಕಾಯಬಾರದು.

ಎಲ್ಲಕ್ಕಿಂತ ಗಂಭೀರವಾದುದು ಅಕ್ಷಿಪಟಲದ ಕ್ಯಾನ್ಸರ್ ಗಡ್ಡೆ. ವೈದ್ಯರು ಇದನ್ನು ರೆಟಿನೋಬ್ಲಾಸ್ಟೋಮಾ ಎನ್ನುತ್ತಾರೆ. ಸುಮಾರು 15,000ದಿಂದ 20,000 ಮಕ್ಕಳಲ್ಲಿ ಒಂದು ಮಗುವಿಗೆ ಬರುವ ಈ ರೋಗವು ಬಹುಮಟ್ಟಿಗೆ ಐದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ಮೊದಲಲ್ಲಿ ನೋವಿಲ್ಲ, ಜ್ವರವಿಲ್ಲ. ಮಗು ಆಡಿಕೊಂಡಿರುತ್ತದೆ, ಉಂಡು ಮಲಗುತ್ತದೆ. ಒಂದು ಕಣ್ಣು ಕಾಣಿಸದಿದ್ದರೂ ಇನ್ನೊಂದು ಕಣ್ಣಿನಿಂದ ಎಲ್ಲವನ್ನೂ ನೋಡುವುದರಿಂದ ಮನೆಯವರಿಗೆ ತಿಳಿಯುವುದಿಲ್ಲ. ಪಾಪೆಯ ಬಿಳಿ ಹೊಳಪೇ ಇದರ ಮುಖ್ಯ ಲಕ್ಷಣ. ಅದರ ನಂತರದ್ದು ಮೆಳ್ಳೆಗಣ್ಣು. ಮೆಳ್ಳೆಗಣ್ಣು ಅದೃಷ್ಟದ ಗುರುತೆಂದು ಹೇಳುವ ಹಿರಿಯರು ನಮ್ಮ ಹಳ್ಳಿಗಳಲ್ಲಿದ್ದಾರೆ. ಅವರ ಮೇಲಿನ ಗೌರವಕ್ಕೆ ಕುಂದು ಬಾರದಂತೆಯೇ ಮಗುವನ್ನು ಆಸ್ಪತ್ರೆಗೆ ಕರೆತರಬಹುದು.

ಅಮೆರಿಕದ ಬೇಲರ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬ್ರಯಾನ್ ಶಾ ಅವರ ಮಗನಿಗೆ ಈ ರೋಗವಿತ್ತು. ಅನಂತರ ಅವರು ಮನೆಯಲ್ಲಿ ತೆಗೆದಿದ್ದ ಸಾವಿರಾರು ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸಿದಾಗ, ಮಗು ಹುಟ್ಟಿದ ಹನ್ನೆರಡನೆಯ ದಿನದ ಚಿತ್ರದಲ್ಲಿಯೇ ಬಿಳಿ ಹೊಳಪು ಕಂಡಿತು. ಆ ವಿವರವನ್ನು ಅವರು 2013ರಲ್ಲಿ ಪ್ರಕಟಿಸಿದರು. ಕಣ್ಣಿನ ತೊಂದರೆಯಿದ್ದ ಇತರ ಮಕ್ಕಳ ಮನೆಯ ಚಿತ್ರಗಳಲ್ಲಿಯೂ, ವೈದ್ಯರು ರೋಗವನ್ನು ಗುರುತಿಸುವುದಕ್ಕೆ ಸರಾಸರಿ ಒಂದು ವರ್ಷಕ್ಕೂ ಮೊದಲೇ ಆ ಗುರುತು ಮೂಡಿತ್ತೆಂದು 2019ರಲ್ಲಿ ತಿಳಿದುಬಂತು. ಈ ರೋಗದಲ್ಲಿ ಒಂದು ವರ್ಷವೆಂದರೆ ಬಹಳ ದೀರ್ಘ ಕಾಲ. ಗಡ್ಡೆ ಕಣ್ಣಿನೊಳಗೇ ಇರುವಾಗ ಹಿಡಿದರೆ ಬಹುತೇಕ ಮಕ್ಕಳು ಬದುಕುತ್ತಾರೆ. ಚಿಕಿತ್ಸೆ ಬೇಗ ದೊರೆಯುವ ದೇಶಗಳಲ್ಲಿ 100 ಮಕ್ಕಳಲ್ಲಿ 95ಕ್ಕೂ ಹೆಚ್ಚು ಮಕ್ಕಳು ಉಳಿಯುತ್ತಾರೆ. ದೃಷ್ಟಿನರದ ಮೂಲಕ ಅದು ಮಿದುಳಿನತ್ತ ಹರಿದರೆ ಉಳಿಸುವುದು ಕಷ್ಟ.

ಗಡ್ಡೆ ಚಿಕ್ಕದಿದ್ದಾಗ ಔಷಧಿ, ಲೇಸರ್ ಕಿರಣ, ಶೀತ ಚಿಕಿತ್ಸೆ ಇವುಗಳಿಂದ ಕಣ್ಣನ್ನೂ ಉಳಿಸಬಹುದು. ದೊಡ್ಡದಾಗಿದ್ದರೆ ಪ್ರಾಣ ಉಳಿಸಲು ಕಣ್ಣನ್ನೇ ತೆಗೆಯಬೇಕಾಗುತ್ತದೆ. ಈ ಮಾತು ಕೇಳಿದೊಡನೆ ಮಗುವನ್ನು ಎತ್ತಿಕೊಂಡು ಊರಿಗೆ ಹಿಂದಿರುಗುವ ಕುಟುಂಬಗಳಿವೆ. ಹೆಣ್ಣು ಮಗುವಾದರೆ ಮುಂದೆ ಮದುವೆ ಹೇಗೆಂಬ ಚಿಂತೆ ಬೇರೆ. ಆ ಸಂಕಟ ಸಣ್ಣದೆಂದು ನಾನು ಹೇಳಲಾರೆ. ಆದರೆ ಬಿಟ್ಟ ಗಡ್ಡೆ ಕಣ್ಣಿನಲ್ಲಿಯೇ ನಿಲ್ಲುವುದಿಲ್ಲ. ಕೃತಕ ಕಣ್ಣು ಧರಿಸಿದ ಮಗು ಉಳಿದ ಒಂದು ಕಣ್ಣಿನಿಂದ ಓದುತ್ತದೆ, ಹೊಲದ ಕೆಲಸ ಮಾಡುತ್ತದೆ, ಸಂಸಾರವನ್ನೂ ನಡೆಸುತ್ತದೆ.

ಇದು ತಾಯಿಯು ಗ್ರಹಣ ನೋಡಿದ್ದರಿಂದಾಗಲಿ, ಬಸಿರಿನಲ್ಲಿ ಏನನ್ನೋ ತಿಂದದ್ದರಿಂದಾಗಲಿ ಬರುವ ರೋಗವಲ್ಲ. ಜೀವಕೋಶದೊಳಗಿನ ಒಂದು ವಂಶವಾಹಿಯ ದೋಷ ಇದಕ್ಕೆ ಕಾರಣ. ಆ ವಂಶವಾಹಿಯನ್ನು 1986ರಲ್ಲಿ ಗುರುತಿಸಲಾಯಿತು. ಹೆಚ್ಚಿನ ಮಕ್ಕಳಿಗೆ ವಂಶದಲ್ಲಿ ಯಾರಿಗೂ ಇರದೆಯೇ ಇದು ಬರುತ್ತದೆ. ಆದುದರಿಂದ ಸೊಸೆಯನ್ನು ದೂಷಿಸುವುದು ಅನ್ಯಾಯ. ಆದರೆ ತಂದೆಗೋ ತಾಯಿಗೋ ಬಾಲ್ಯದಲ್ಲಿ ಎರಡೂ ಕಣ್ಣುಗಳಲ್ಲಿ ಈ ಗಡ್ಡೆ ಇದ್ದಿದ್ದರೆ, ಹುಟ್ಟುವ ಪ್ರತಿ ಮಗುವಿಗೂ ದೋಷ ಇಳಿಯುವ ಸಂಭವ ಅರ್ಧದಷ್ಟಿದೆ. ಅಂಥ ದಂಪತಿಗಳು ಮಗುವನ್ನು ಪಡೆಯುವ ಮೊದಲೇ ವೈದ್ಯರ ಸಲಹೆ ಕೇಳಬೇಕು. ಹುಟ್ಟಿದ ಕೂಸನ್ನು ಮೊದಲ ವಾರಗಳಲ್ಲಿಯೇ ಪರೀಕ್ಷೆ ಮಾಡಿಸಬೇಕು. ರೋಗಿಯಾದ ಮಗುವಿನ ಒಡಹುಟ್ಟಿದವರನ್ನೂ ತೋರಿಸಬೇಕು.

ಏನು ಮಾಡಬೇಕು?

ಬಿಳಿ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದು ಅಳುತ್ತ ಕೂರಬೇಡಿ. ಮಗು ಕ್ಯಾಮೆರಾವನ್ನು ನೇರವಾಗಿ ನೋಡದೆ ಓರೆಯಾಗಿ ನೋಡಿದಾಗ, ದೃಷ್ಟಿನರ ಆರಂಭವಾಗುವ ಬಿಳಿಯ ಜಾಗದಿಂದ ಬೆಳಕು ಮರಳಿ ನಿರೋಗಿ ಕಣ್ಣೂ ಬೆಳ್ಳಗೆ ಕಾಣಬಹುದು. ಇದು ಅದೋ ಅಲ್ಲವೋ ಎಂಬುದನ್ನು ತೀರ್ಮಾನಿಸಬೇಕಾದವರು ಮಾತ್ರ ವೈದ್ಯರು, ನೆರೆಹೊರೆಯವರಲ್ಲ. ಹಾಗೆಯೇ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂದು, ಮೆಳ್ಳೆಗಣ್ಣಿರುವ ಅಥವಾ ಮುಖ ನೋಡಿ ನಗದ ಕೂಸನ್ನು ತೋರಿಸದೆ ಇರಬಾರದು. ಎದೆಹಾಲು, ಜೇನುತುಪ್ಪ, ಸೊಪ್ಪಿನ ರಸ ಮೊದಲಾದವನ್ನು ಕಣ್ಣಿಗೆ ಹಾಕಬೇಡಿ.

ಕೆಲವು ಕ್ಯಾಮೆರಾಗಳೂ ಫೋನುಗಳೂ ಕೆಂಪು ಕಣ್ಣನ್ನು ತಾವೇ ಕಪ್ಪಾಗಿ ತಿದ್ದಿಬಿಡುತ್ತವೆ. ಚಿತ್ರ ಚೆಂದವಾದರೂ ಗುರುತು ಅಳಿಸಿಹೋಗುತ್ತದೆ. ಮಕ್ಕಳ ಚಿತ್ರಕ್ಕೆ ಆ ಸೌಲಭ್ಯವನ್ನು ನಿಲ್ಲಿಸಿಡುವುದು ಮೇಲು. ಬಿಳಿ ಕಂಡ ಚಿತ್ರವನ್ನು ಅಳಿಸಬೇಡಿ. ಅದೇ ವಾರದಲ್ಲಿ ಚಿತ್ರವನ್ನೂ ಮಗುವನ್ನೂ ತಾಯಿ ಕಾರ್ಡನ್ನೂ ತೆಗೆದುಕೊಂಡು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿರಿ. ಆಶಾ ಕಾರ್ಯಕರ್ತೆಗೂ, ಅಂಗನವಾಡಿಗೆ ತಪಾಸಣೆಗೆ ಬರುವ ವೈದ್ಯರ ತಂಡಕ್ಕೂ ಚಿತ್ರವನ್ನು ತೋರಿಸಬಹುದು. ಅಗತ್ಯವಿದ್ದರೆ ಅಲ್ಲಿಂದ ಜಿಲ್ಲಾ ಆಸ್ಪತ್ರೆಗೋ, ಬೆಂಗಳೂರಿನ ಮಿಂಟೋ ಕಣ್ಣಿನ ಆಸ್ಪತ್ರೆಗೋ, ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಪತ್ರ ಕೊಟ್ಟು ಕಳುಹಿಸುತ್ತಾರೆ. ಅಲ್ಲಿ ಪಾಪೆ ಅಗಲವಾಗಲು ಕಣ್ಣಿಗೆ ಹನಿ ಹಾಕುತ್ತಾರೆ. ಅನಂತರ ಕೆಲವು ಗಂಟೆಗಳ ಕಾಲ ಮಗು ಬೆಳಕಿಗೆ ಕಣ್ಣು ಮುಚ್ಚಿಕೊಳ್ಳಬಹುದು. ಹಿಂದಿರುಗುವಾಗ ನೆರಳಿಗೆ ಸೆರಗು ಹಿಡಿದರೆ ಸಾಕು.